ಅತ್ತೆ ಮನೆಯ ಹುಳದ ಪಥ್ಯ

ಹೊಂಗನೂರಿನ ನನ್ನ ಸೋದರತ್ತೆಗೆ ಮನುಷ್ಯರೆಂದರೆ ಅಷ್ಟಕ್ಕಷ್ಟೆ. ಅವರ ಪ್ರೀತಿಯೆಲ್ಲ ರೇಷ್ಮೆಹುಳಗಳಿಗೆ! ಹೈಸ್ಕೂಲಿಗೆಂದು ಹೋಗಿ ಅವರ ಮನೆಯಲ್ಲೇ ಬೆಳೆದವಳು ನಾನು. ನನ್ನ ಮಾತು ನಂಬಿ.

ಅತ್ತೆಯನ್ನೂ ದೂರುವಂತಿಲ್ಲ. ಹುಳಗಳೇ ಅಂಥ ವಿಚಿತ್ರ ಜೀವಿಗಳು. ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುತ್ತಿರುವ ಇವು ಇದ್ದಕ್ಕಿದ್ದಂತೆ ಊಟ ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತವೆ. ಆಮೇಲೆ ಹಳೆ ಚರ್ಮ ಕಳಚಿ, ಹೊಸ ಹಸಿವಿನೊಂದಿಗೆ ಏಳುತ್ತವೆ. ಹೀಗೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಹುಳಕ್ಕೆ, ಪಥ್ಯ ನಮಗೆ! ಹುಳ ಸಾಕುವುದು ಮನೆಯ ಒಳಕೋಣೆಯಲ್ಲೇ ಆದ್ದರಿಂದ, ಘಾಟು ತಾಗಬಾರದೆಂದು ಒಗ್ಗರಣೆ ಬಂದ್, ಊದುಬತ್ತಿ ಬಂದ್, ಮಾವನ ಬೀಡಿ ಊರಾಚೆ. ಗಟ್ಟಿಯಾಗಿ ಮಾತಾಡುವಂತೆಯೂ ಇಲ್ಲ.

"ಹುಳಕ್ಕೆ ಕಿವಿ ಎಲ್ಲೈತೆ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಕಿವಿ ಇಲ್ದಿದ್ರೆ ಬೇಜಾರಾಗಕಿಲ್ವಾ?" ಎಂದು ಪಿಸುದನಿಯಲ್ಲೇ ಗದರಿದ್ದರು.

ಇಂಥ ಮನೆಗೆ ನನ್ನನ್ನು ನೋಡಲು ಮಾಗಡಿಯಿಂದ ಗಂಡಿನವರು ಬಂದರು. ಅದೂ ಸರಿಯಾಗಿ ಜ್ವರದ ದಿನ! ನನಗೋ ಹುಡುಗ ಮೊಬೈಲಿನ ಫೋಟೋದಲ್ಲೇ ಹಿಡಿಸಿಬಿಟ್ಟಿದ್ದ. ಎಲ್ಲಿ ಈ ಸಂಬಂಧ ತಪ್ಪಿಹೋಗುತ್ತದೋ ಎಂಬ ಭಯ ಬೇರೆ. ಪೌಡರ್ ಬಳಿದುಕೊಂಡು ಬಂದರೆ ಅತ್ತೆ ತಡೆದರು.

"ಮಕ ತೊಳ್ಕೊ ಹೋಗು. ನಿನ್ ನೋಡಕ್ ಬರೋದು ಗಂಡು, ಘಾಟು ಕುಡಿಯೋದು ಹುಳ!"

ಸೆಂಟ್ ಹಾಕಿಕೊಂಡು ಬಂದ ಹುಡುಗನಿಗೂ ಅದೇ ಶಿಕ್ಷೆ. ಹಿತ್ತಲಲ್ಲಿ ಕತ್ತು ತಿಕ್ಕಿ ತೊಳೆದುಕೊಂಡು, ಒದ್ದೆ ಕಾಲರಿನಲ್ಲಿ ಬಂದು ಕೂತ, ಪಾಪ!

ಉಪ್ಪಿಟ್ಟು ಬಂತು. ಉಪ್ಪಿಟ್ಟೇನು, ಬೇಯಿಸಿದ ರವೆ! ಹುಡುಗನ ತಾಯಿ ಒಂದು ಚಮಚ ಬಾಯಿಗಿಟ್ಟರು.

"ಯಾಕ್ರವ್ವಾ, ಸಾಸಿವೆ ಬೆಳೆಯಾಕಿಲ್ವಾ ನಿಮ್ ಕಡೆ?"

ಅತ್ತೆ ಮೆಲ್ಲಗೆ ಹುಳದ ಜ್ವರದ ವಿಷಯ ಹೇಳಿದರು.

"ಹುಳಕ್ಕಿರೋ ಮರ್ವಾದೆ ನಮಗಿಲ್ಲ ಅನ್ನಿ" ಎಂದು ಆಕೆ ತಟ್ಟೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಹೊರಡುವ ಸೂಚನೆ! ನನ್ನ ಕಣ್ಣು ತುಂಬಿತು.

ಅತ್ತೆ ನನ್ನ ಮುಖ ನೋಡಿದರು. "ಒಸಿ ಕೂತ್ಕಳ್ರವ್ವಾ" ಎಂದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಣಲೆಯಲ್ಲಿ ಸಾಸಿವೆ ಚಟಪಟ ಸಿಡಿಯಿತು! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಣಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮಿದರು. ಬಿಸಿ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ ಹುಡುಗನ ತಾಯಿ, ಸಂಬಂಧ ಒಪ್ಪಿಕೊಂಡೇ ಕೈ ತೊಳೆದರು.

ಸಂತೋಷದ ಸುದ್ದಿ ಹೇಳಲು ಒಳಗೆ ಓಡಿದೆ. ಅಡುಗೆಮನೆಯಲ್ಲಿ ಅತ್ತೆ ಇರಲಿಲ್ಲ. ಹುಳದ ಕೋಣೆಯ ಮುಚ್ಚಿದ ಬಾಗಿಲ ಸಂದಿಗೆ ತಮ್ಮ ಸೆರಗನ್ನೇ ತುರುಕಿ, ಹಣೆ ಆನಿಸಿ ನಿಂತಿದ್ದರು. ಒಳಗಿದ್ದವುಗಳಿಗೆ ಹೇಳುತ್ತಿದ್ದರು:

"ಇವತ್ತೊಂದಿನ ತಡ್ಕಳ್ರವ್ವಾ... ನಮ್ ಮಗೀಗೆ ಗಂಡು ಬಂದೈತೆ."