ಶೈಲಜಾಳ ಸೀಮಂತವೂ ನನ್ನ ಅಗ್ಗದ ಕ್ಯಾಮೆರಾವೂ

ಹಳೆ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರುವ ಕಾರ್ ಬೂಟ್ ಸಂತೆಯಲ್ಲಿ ಆ ಕರಿಯ ಡಬ್ಬಿ ಕ್ಯಾಮೆರಾ ಕೊಂಡಾಗ ನನಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ. ಅದರ ಚರಿತ್ರೆ ಮಾತ್ರ ಬೇಗನೆ ಬಾಯಿಪಾಠವಾಯಿತು. ಮಾಡಿದ್ದು ನಮ್ಮ ಬರ್ಮಿಂಗ್‌ಹ್ಯಾಮಿನದೇ ಒಂದು ಕಾರ್ಖಾನೆ. ಸೈಕಲ್ ದೀಪ ಮಾಡುತ್ತಿದ್ದವರು, ಎರಡನೇ ಮಹಾಯುದ್ಧ ಮುಗಿದ ಮೇಲೆ, ಕೂಲಿಯವರ ಮನೆಯಲ್ಲೂ ಒಂದು ಫೋಟೋ ಇರಲಿ ಎಂದು ಅಗ್ಗದ ಕ್ಯಾಮೆರಾಕ್ಕೆ ಇಳಿದರು. ಲೋಹ ಬಿಟ್ಟು ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಕಿದರು, ಒಂದೇ ಗುಂಡಿ ಇಟ್ಟರು. ಹೊರದೇಶದ ಪುಟ್ಟ ಕ್ಯಾಮೆರಾಗಳು ಬಂದಾಗ ಬಾಗಿಲು ಮುಚ್ಚಿದರು. ನಾನು ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮಲಗಿದ್ದ ರೋಗಿಗಳಿಗೂ ಇದನ್ನು ಹೇಳಿದೆ. ಕೆಲವರು ಔಷಧಿ ಕೊಡುವ ಮೊದಲೇ ನಿದ್ದೆ ಹೋದರು.

ಇಂಥ ಜ್ಞಾನಿ ಇರುವಾಗ ಶೈಲಜಾಳ ಸೀಮಂತಕ್ಕೆ ಬೇರೆ ಫೋಟೋಗ್ರಾಫರ್ ಏಕೆ? ಶೈಲಜಾ ನನ್ನ ಹೆಂಡತಿ ವಸುಧಾಳ ತಂಗಿ. ಅವಳ ಮನೆ ಲೀಡ್ಸ್‌ ಊರಿನ ಹೆಡಿಂಗ್ಲೀಯಲ್ಲಿ. ಮೈಸೂರಿನಿಂದ ಬಂದಿದ್ದ ಅವಳ ಅತ್ತೆ ಸೀತಮ್ಮನವರು, ಊರಿನ ನೆಂಟರಿಗೆಲ್ಲ ಫೋಟೋ ಕಳಿಸುತ್ತೇನೆಂದು ಮಾತು ಕೊಟ್ಟಿದ್ದರು.

“ಒಂದೆರಡು ಮೊಬೈಲಲ್ಲೂ ತೆಗೀಲಾ?” ಎಂದಳು ವಸುಧಾ.

“ಬೇಡ. ಇದು ಮಗು ಕೈಗೆ ಕೊಟ್ರೂ ಕೆಡದ ಕ್ಯಾಮೆರಾ,” ಎಂದೆ.

ಎಲ್ಲರ ಮೊಬೈಲನ್ನೂ ಒಳಗಿಡಿಸಿದೆ. ಕ್ಯಾಮೆರಾಕ್ಕೆ ಬಿಸಿಲು ಬೇಕೆಂದು ಹಸೆಮಣೆ, ಹಣ್ಣಿನ ತಟ್ಟೆ, ತುಂಬು ಗರ್ಭಿಣಿ, ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದೆ. ಲೀಡ್ಸ್‌ನ ಗಾಳಿಗೆ ಆರತಿಯ ದೀಪ ಆರಿತು, ಮತ್ತೆ ಹಚ್ಚಿಸಿದೆ. ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡವರಿಂದ ಕೋಟು ಬಿಚ್ಚಿಸಿದೆ. ಬಳೆ ತೊಡಿಸುವುದು, ಮಡಿಲು ತುಂಬುವುದು, ಒಂದನ್ನೂ ಬಿಡದೆ ಗುಂಡಿ ಒತ್ತಿದೆ. ನಡುನಡುವೆ, ಚಳಿಗೆ ನಡುಗುತ್ತಿದ್ದವರಿಗೆ ಕಾರ್ಖಾನೆಯ ಚರಿತ್ರೆ ಹೇಳಿದೆ.

ಆ ನಡುನಡುವೆ ಮಾಡಬೇಕಾದ ಕೆಲಸ ಬೇರೆಯೇ ಇತ್ತು. ಪ್ರತಿ ಫೋಟೋ ಆದ ಮೇಲೆ ತಿರುಪು ತಿರುಗಿಸಿ ರೀಲನ್ನು ಮುಂದಕ್ಕೆ ಸರಿಸಬೇಕು. ಚರಿತ್ರೆಯಲ್ಲಿ ಅದು ಇರಲಿಲ್ಲ.

ರೀಲು ತೊಳೆಯುವ ಅಂಗಡಿಯ ಹುಡುಗಿ ಒಂದೇ ಒಂದು ಫೋಟೋ ಕೊಟ್ಟು, ಇದು ಯಾವ ಆರ್ಟ್ ಗ್ಯಾಲರಿಗೆ ಎಂದು ಗೌರವದಿಂದ ಕೇಳಿದಳು. ಇಡೀ ಸೀಮಂತ ಅದೊಂದರಲ್ಲೇ ಒಂದರ ಮೇಲೊಂದು ಮಬ್ಬಾಗಿ ಕೂತಿತ್ತು. ಎಲ್ಲಿ ನೋಡಿದರೂ ಬಳೆ ತೊಟ್ಟ ಕೈಗಳು. ವಸುಧಾಳ ಹಣೆಯಿಂದ ಬಾಳೆಹಣ್ಣಿನ ಚಿಪ್ಪು ಮೂಡಿತ್ತು. ಶೈಲಜಾಳ ಹೊಟ್ಟೆ ನೇರವಾಗಿ ಅವಳ ಅತ್ತೆಯ ಮೇಲೆ ಬಂದಿತ್ತು.

ಲೀಡ್ಸ್‌ಗೆ ಒಯ್ದು ತೋರಿಸಿದಾಗ ಸೀತಮ್ಮನವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. “ಇದನ್ನ ಮೈಸೂರಿಗೆ ಕಳಿಸಿದ್ರೆ, ಸೀಮಂತ ನಂದೇ ಅಂದ್ಕೋತಾರಪ್ಪ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ಶೈಲಜಾ ನಗಲು ಹೋಗಿ ಅತ್ತುಬಿಟ್ಟಳು.

ಹೆರಿಗೆಯಾಗುವುದರೊಳಗೆ ಮುಗಿಸಬೇಕೆಂದು ಮುಂದಿನ ಶನಿವಾರವೇ ಮತ್ತೆ ಸೀಮಂತ. ಅದೇ ಸೀರೆಗಳು, ಹೊಸ ಹಣ್ಣುಗಳು, ಬೆಚ್ಚಗಿನ ಕೋಣೆ, ಎಲ್ಲರ ಕೈಯಲ್ಲೂ ಮೊಬೈಲ್. ಕಾರುಗಳಿಗೆ ಜಾಗ ತೋರಿಸಲು ನನ್ನನ್ನು ಬೀದಿಯಲ್ಲಿ ನಿಲ್ಲಿಸಿದರು. ಮೊದಲ ಸಲ ಬಂದಿರದ ಅತಿಥಿಯೊಬ್ಬರು ಕಾರಿಳಿದು ಮೆಲ್ಲಗೆ ಕೇಳಿದರು: “ಆ ಕ್ಯಾಮೆರಾ ಡಾಕ್ಟ್ರು ಇವತ್ತೂ ಬಂದಿದಾರಾ?”

“ಇಲ್ಲ, ಇವತ್ತು ಅವರ ಹೆಸರು ಆಸ್ಪತ್ರೆ ಡ್ಯೂಟಿ ಪಟ್ಟಿಯಲ್ಲಿದೆ,” ಎಂದೆ.

“ಸದ್ಯ,” ಎಂದು ಉಸಿರುಬಿಟ್ಟು ಅವರು ಒಳಗೆ ಹೋದರು.