ಹದಿನೈದು ಪರ್ಸೆಂಟ್ ನೆರಳು

ಬಿಲ್ಲು ಹೊಡೆಯುವ ಯಂತ್ರ ಬಂದ ದಿನದಿಂದ ಅಕ್ಕ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಗುಂಡಿಯಣ್ಣನ ಪಾಡು ಶುರುವಾಗಿದ್ದೇ ಅಲ್ಲಿಂದ. ಗುಂಡಿ, ದಾರ, ಜಿಪ್ಪು ಮಾರುವವನಿಗೆ ಬೀದಿಯವರು ಇಟ್ಟ ಹೆಸರದು. ಆಗಾಗ ಗುಂಡಿಗೆ ಬೀಳುವ ಅಭ್ಯಾಸವೂ ಇದ್ದುದರಿಂದ ಹೆಸರು ಚೆನ್ನಾಗಿಯೇ ಅಂಟಿಕೊಂಡಿತ್ತು.

ಅಪ್ಪನ ಕಾಲದಲ್ಲಿ ರಸೀದಿ ಎಂದರೆ ನೀಲಿ ಶಾಯಿಯಲ್ಲಿ ನಾಲ್ಕು ಅಂಕಿ, ಕೆಳಗೆ ಬಾಲ ಎತ್ತಿದ ಬೆಕ್ಕಿನಂಥ ಒಂದು ಸಹಿ. ಆ ಶಾಯಿಯ ವಾಸನೆ ಗುಂಡಿಯಣ್ಣನಿಗೆ ಈಗಲೂ ನೆನಪಿತ್ತು. ಅಪ್ಪ ಬಿಟ್ಟುಹೋಗಿದ್ದ, ಮೊದಲೇ ಸಹಿ ಬಿದ್ದಿದ್ದ ರಸೀದಿ ಪುಸ್ತಕಗಳೆಲ್ಲ ಮುಗಿದ ಮೇಲೆಯೇ ಅವನು ಯಂತ್ರ ತಂದದ್ದು. "ಆ ಸಹಿ ಇಲ್ಲದ ಚೀಟಿ ಕೊಡೋ ಅಂಗಡಿ ನಮ್ಮದಲ್ಲ" ಎಂದು ಹೋದ ಅಕ್ಕ ತಿರುಗಿ ನೋಡಿರಲಿಲ್ಲ.

ಇವತ್ತು ಹೇಗೋ ಕಾಡಿ ಬೇಡಿ ನಾಲ್ಕು ಗಂಟೆಗೆ ಬರಲು ಒಪ್ಪಿಸಿದ್ದ. ಅಷ್ಟರಲ್ಲಿ ಹಳೇ ರಸೀದಿಯ ಸಹಿಯ ಫೋಟೋ ತೆಗೆದು, ಅದನ್ನು ಪ್ರತಿ ಬಿಲ್ಲಿನ ಅಕ್ಷರಗಳ ಹಿಂದೆ ತೆಳ್ಳಗೆ ಮೂಡಿಸಬೇಕು. ಯಂತ್ರದ ಕೈಪಿಡಿಯಲ್ಲಿ ಅದಕ್ಕೆ ಎರಡು ಆಜ್ಞೆಗಳಿದ್ದವು: ಚಿತ್ರವನ್ನು ಹಿಂದೆ ಕೂರಿಸಲು ಒಂದು, ನೆರಳು ಎಷ್ಟು ಪರ್ಸೆಂಟ್ ಎಂದು ಹೇಳಲು ಇನ್ನೊಂದು.

ಐದು ಎಂದು ಒತ್ತಿದ. ಕಾಗದ ಬೆಳ್ಳಗೆ ಬಂತು.

"ಧಾರಾಳವಾಗಿ ಹಾಕಿ ಗುಂಡಿಯಣ್ಣ, ಕೈ ಬಿಗಿ ಹಿಡೀಬೇಡಿ" ಎಂದ ಎದುರಿನ ಕ್ಷೌರದಂಗಡಿಯವನು, ಗಿರಾಕಿಯ ಅರ್ಧ ಗಡ್ಡ ಅಲ್ಲೇ ಬಿಟ್ಟು ಬಂದು.

ಎಂಬತ್ತು ಒತ್ತಿದ. ಬಿಲ್ಲು ಪೂರಾ ಮಸಿ ಬಳಿದಂತಾಯಿತು. ಅದೂ ಸಾಲದೆಂಬಂತೆ ನಿಲ್ಲಿಸುವ ಆಜ್ಞೆ ಬರೆಯಲು ಮರೆತಿದ್ದ. ಒಂದು ಸೂಜಿ ಕೊಂಡ ಮುದುಕರ ಕೈಗೆ ಸೀರೆಯಷ್ಟು ಉದ್ದದ ರಸೀದಿ ಬಂತು.

"ಏನಪ್ಪಾ, ಸೂಜಿಗೆ ವಂಶಾವಳಿನೂ ಕೊಡ್ತೀಯಾ?" ಎಂದು ಅವರು ಅದನ್ನು ಮಡಚುತ್ತಾ ಹೋದರು.

ಅಷ್ಟರಲ್ಲಿ ಪಕ್ಕದ ಟೈಲರಮ್ಮ ಬಂದರು. "ಏನ್ ಮಾಡ್ತಿದ್ದೀಯ?"

"ವಾಟರ್‌ಮಾರ್ಕ್ ಅಂತಾರಮ್ಮ. ಸರಿಯಾಗಿ ಬೀಳ್ತಾನೇ ಇಲ್ಲ."

"ವಾಟರ್ ಇಲ್ದೆ ಹೇಗೆ ಬೀಳುತ್ತೆ?" ಎಂದವರೇ, ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಹಾಗೆ ಕಾಗದದ ಸುರುಳಿಗೆ ನೀರು ಚಿಮುಕಿಸಿಬಿಟ್ಟರು. ಯಂತ್ರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅದನ್ನು ಒರೆಸಿ, ಒಣಗಿಸಿ, ಹೊಸ ಸುರುಳಿ ಹಾಕುವಷ್ಟರಲ್ಲಿ ಮೂರೂಮುಕ್ಕಾಲು. ಹದಿನೈದು ಎಂದು ಒತ್ತಿದ.

ಈ ಸಲ ಬಂತು. ಗುಂಡಿ ಎರಡು ಡಜನ್ ಎಂಬ ಸಾಲಿನ ಹಿಂದೆ, ಹೊಗೆಯಲ್ಲಿ ಬರೆದಂತೆ, ಅದೇ ಬಾಲ ಎತ್ತಿದ ಸಹಿ. ಗುಂಡಿಯಣ್ಣ ಕಣ್ಣೊರೆಸಿಕೊಂಡ.

ಅಕ್ಕ ಬಂದಳು. ಚೀಟಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಅಪ್ಪನ ಸಹಿ ಅಕ್ಕ" ಎಂದ ಅವನು ಮೆಲ್ಲಗೆ.

"ಅಪ್ಪಂಗೆ ಅಂಕಿ ಬಿಟ್ರೆ ಅಕ್ಷರ ಎಲ್ಲೋ ಬರ್ತಿತ್ತು? ಇದು ನಂದು ಕಣೋ. ಸ್ಕೂಲಿಗೆ ಹೋಗ್ತಿದ್ದಾಗಿಂದ ಪುಸ್ತಕಗಟ್ಟಲೆ ನಾನೇ ಹಾಕಿಡ್ತಿದ್ದೆ. ಯಾರಿಗೂ ಹೇಳಬೇಡ ಅಂದಿದ್ರು, ಹೇಳಲಿಲ್ಲ. ನೀನಾಗ ಈ ಮೇಜಿನ ಕೆಳಗೆ ಗುಂಡಿ ಉರುಳಿಸ್ಕೊಂಡು ಇರ್ತಿದ್ದೆ."

ಗುಂಡಿಯಣ್ಣ ಬಗ್ಗಿ ಚೀಟಿಯ ಮೇಲಿನ ಸಹಿಯನ್ನು ಮತ್ತೊಮ್ಮೆ ನೋಡಿದ.

"ಇದನ್ನ ಎಷ್ಟಕ್ಕೆ ಇಟ್ಟಿದ್ದೀಯ?"

"ಹದಿನೈದು ಪರ್ಸೆಂಟ್."

"ಇಷ್ಟು ವರ್ಷ ಅಪ್ಪನ ಹೆಸರಿನ ಹಿಂದೆ ಇದ್ದೆ. ಈಗ ನಿನ್ನ ಜಿಪ್ಪು, ಗುಂಡಿಗಳ ಹಿಂದೆ ಹದಿನೈದು ಪರ್ಸೆಂಟಾ? ನೂರಕ್ಕೆ ಇಡು."

ಇಟ್ಟ. ಸಹಿ ಕಪ್ಪಗೆ, ಅಗಲವಾಗಿ ಮೂಡಿತು. ಅದರಡಿ ಗುಂಡಿ ಯಾವುದು, ಜಿಪ್ಪು ಯಾವುದು ಒಂದೂ ತಿಳಿಯಲಿಲ್ಲ. ಅಕ್ಕ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ನಾಳೆಯಿಂದ ದಿನಾ ಬರುವುದಾಗಿ ಹೇಳಿದಳು. ಅವಳು ಒಂದೊಂದೇ ಚೀಟಿ ಹರಿದು ಕೊಡುತ್ತಿದ್ದಳು. ಗುಂಡಿಯಣ್ಣ ಅಂಗಡಿ ಮುಚ್ಚುವವರೆಗೂ ಪಕ್ಕದಲ್ಲಿ ನಿಂತು, ಅವುಗಳ ಬೆನ್ನ ಮೇಲೆ ನೀಲಿ ಪೆನ್ನಿನಲ್ಲಿ ಅಂಕಿ ಬರೆಯುತ್ತಿದ್ದ.