ಎದುರುಗಡೆಯ ಸ್ಕ್ಯಾನಿಂಗ್ ಸೆಂಟರ್

ಚನ್ನಗಿರಿಯಲ್ಲಿ ಗುರುಬಸವರಾಜನ ಮೋಟಾರ್ ವೈಂಡಿಂಗ್ ಅಂಗಡಿಯ ಎದುರಿಗೇ ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಬಾಗಿಲಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಹೀಗಿದ್ದೂ ಆತ ಮಗಳ ಸ್ಕ್ಯಾನಿಂಗಿಗೆಂದು ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿ ಹೊನ್ನಾಳಿಗೆ ಹೊರಟ. ಹೆಂಡತಿ ಶಾಂತಲಾ ಮೂರು ದಿನ ವಾದ ಮಾಡಿ ಸೋತಿದ್ದಳು.

"ಎದುರಿಗೇ ಐತಲ್ರೀ. ರಸ್ತೆ ದಾಟಿದ್ರೆ ಆತು."

"ಅದಕ್ಕೇ ಬ್ಯಾಡ ಅನ್ನೋದು. ಅಲ್ಲಿಗೆ ಯಾರು ಹೋದ್ರು, ಯಾರು ಬಂದ್ರು ಅಂತ ಊರೆಲ್ಲಾ ನೋಡ್ತೈತೆ."

"ಊರಿಗೆ ಬ್ಯಾರೆ ಕೆಲ್ಸ ಐತೆ. ನೋಡೋರು ನೀವೊಬ್ರೇ."

ವರ್ಷಗಟ್ಟಲೆ ಗುರುಬಸವರಾಜನೂ ಗೆಳೆಯ ರುದ್ರಮುನಿಯೂ ಸಂಜೆ ಐದಾದರೆ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ನಡುವೆ ಪೇಪರಿನಲ್ಲಿ ಮಂಡಕ್ಕಿ ಮಿರ್ಚಿ ಹರಡಿಕೊಂಡು, ಎದುರಿನ ಮೆಟ್ಟಿಲು ಹತ್ತುವವರ ಬಗ್ಗೆ ತೀರ್ಪು ನೀಡುತ್ತಿದ್ದರು. ಸೊಸೆಯ ಹಿಂದೆ ಅತ್ತೆ ಹತ್ತಿದರೆ ಸಿಹಿ ಸುದ್ದಿ. ನಡುವಯಸ್ಸಿನ ಗಂಡಸು ಹೊಟ್ಟೆ ಹಿಡಿದುಕೊಂಡು ಹತ್ತಿದರೆ ಕಿಡ್ನಿಯಲ್ಲಿ ಕಲ್ಲು. ಕೊರಳಲ್ಲಿ ತಾಳಿಯಿಲ್ಲದ ಹುಡುಗಿ ಹತ್ತಿದಳೆಂದರೆ ಮಾತ್ರ ಇಬ್ಬರೂ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಅಷ್ಟೇ ಸಾಕಾಗುತ್ತಿತ್ತು.

ರುದ್ರಮುನಿ ಹೋಗಿ ಹನ್ನೊಂದು ತಿಂಗಳಾಗಿತ್ತು. ಚಪ್ಪಲಿ ಕಚ್ಚಿ ಕಾಲ್ಬೆರಳಿಗೆ ಆದ ಗಾಯ ಮಾಯಲೇ ಇಲ್ಲ. "ಟೆಸ್ಟ್ ಮಾಡಿಸಿದ್ರೇ ಕಾಯಿಲೆ ಬರೋದು. ಮಾಡಿಸ್ದೇ ಇದ್ರೆ ಅದಕ್ಕೆ ನಮ್ಮ ವಿಳಾಸ ಹೆಂಗೆ ಗೊತ್ತಾಗ್ಬೇಕು?" ಎಂದು ನಗುತ್ತಿದ್ದ. ಕಾಯಿಲೆಗೆ ವಿಳಾಸ ಗೊತ್ತಿತ್ತು. ಮೊದಲ ಸಲ ಸಕ್ಕರೆ ನೋಡಿಸಿದ ದಿನವೇ ಅವನನ್ನು ದಾವಣಗೆರೆಗೆ ಒಯ್ದರು. ಆಮೇಲೆ ಅವನು ಆ ಬೆಂಚಿಗೆ ಬರಲಿಲ್ಲ. ಗುರುಬಸವರಾಜ ಆಮೇಲೂ ಬೆಂಚಿನ ಒಂದೇ ತುದಿಗೆ ಕೂರುತ್ತಿದ್ದ. ಮಂಡಕ್ಕಿ ಮಿರ್ಚಿ ಮಾತ್ರ ಇಬ್ಬರಿಗಾಗುವಷ್ಟು ಕಟ್ಟಿಸುತ್ತಿದ್ದ. ತಿನ್ನುವವನು ಒಬ್ಬನೇ.

ಇಂಥ ಹೊತ್ತಿನಲ್ಲಿ ಮಗಳು ಸಂಧ್ಯಾರಾಣಿಗೆ ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಬಿ.ಎಡ್. ಓದುವ ಹುಡುಗಿ, ತಾನೇ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. "ಪಿಸಿಓಎಸ್ ಇರಬೋದು, ರಕ್ತ ಪರೀಕ್ಷೆ ಮಾಡ್ಸಿ, ಸ್ಕ್ಯಾನ್ ಮಾಡ್ಸಿ" ಎಂದು ಡಾಕ್ಟರು ಚೀಟಿ ಬರೆದರು. ಅದೇ ವಾರ ಸಂತೇಬೆನ್ನೂರಿನ ರೇವಣ್ಣ ಒಂದು ಸಂಬಂಧ ತಂದಿದ್ದ. ಹುಡುಗ ತಿಪ್ಪೇರುದ್ರ, ಹೈಸ್ಕೂಲ್ ಮೇಷ್ಟ್ರು. ಜಗಳೂರಿನಿಂದ ಭಾನುವಾರ ನೋಡಲು ಬರುವವರಿದ್ದರು. ಮದುವೆಯಾಗದ ಹುಡುಗಿ ಸ್ಕ್ಯಾನಿಂಗಿಗೆ ಹೋದಳೆಂಬ ಸುದ್ದಿ ಜಗಳೂರು ಮುಟ್ಟಿದರೆ? ಗುರುಬಸವರಾಜನಿಗೆ ಆ ಸುದ್ದಿ ಹೇಗೆ ಹುಟ್ಟುತ್ತದೆಂದು ಚೆನ್ನಾಗಿ ಗೊತ್ತಿತ್ತು. ಅದು ಹುಟ್ಟುವ ಬೆಂಚನ್ನು ಹಾಕಿಸಿದವನೇ ಆತ.

ರಕ್ತ ಕೊಡಲು ಖಾಲಿ ಹೊಟ್ಟೆ ಬೇಕು, ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಶಾಂತಲಾ ಹೊರಡುವಾಗಲೇ ಆಜ್ಞೆ ಹೊರಡಿಸಿದಳು. "ಹುಡುಗಿ ಹಸ್ಕೊಂಡಿರ್ತಾಳೆ. ಅವಳ ಮುಂದೆ ನೀವೂ ಏನೂ ತಿನ್ನಂಗಿಲ್ಲ."

"ತಿನ್ನಲ್ಲ ಮಾರಾಯ್ತಿ."

ಆತ ಮಾತಿಗೆ ತಪ್ಪಲಿಲ್ಲ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಗಳನ್ನು ಕೂರಿಸಿ, "ಲ್ಯಾಬು ಎಲ್ಲೈತೆ ಕೇಳ್ಕೊಂಡು ಬರ್ತೀನಿ" ಎಂದು ಹೋಗಿ, ಅವಳ ಮುಂದಲ್ಲ, ಹಿಂದೆ, ನಾಲ್ಕು ಮಿರ್ಚಿ ತಿಂದು, ಸಕ್ಕರೆ ಮುಂದಾದ ಚಹಾ ಕುಡಿದು ಬಂದ.

"ಲ್ಯಾಬು ಎಲ್ಲೈತಂತಪ್ಪಾ?"

"ಇಲ್ಲೇ ಹಿಂದಿನ ರಸ್ತೆ."

"ಮೊದ್ಲು ಮೀಸೆ ಒರೆಸ್ಕೋ."

ಲ್ಯಾಬಿನಲ್ಲಿ ಸಂಧ್ಯಾ ರಕ್ತ ಕೊಟ್ಟಳು. ಬಾಟಲಿ ನೀರು ಕುಡಿಯುತ್ತ ಸ್ಕ್ಯಾನಿಂಗಿಗೆ ಕಾಯತೊಡಗಿದಳು. ಬಸುರಿಯರನ್ನು ಮೊದಲು ಕರೆಯುತ್ತಿದ್ದರು. ಗುರುಬಸವರಾಜ ಬಾಗಿಲ ಕಡೆಗೇ ಕಣ್ಣಿಟ್ಟು, ಚಪ್ಪಲಿ ಸದ್ದಾದಾಗಲೆಲ್ಲ ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಒಂಬತ್ತನೇ ಸಲ ಪೇಪರು ಇಳಿಸಿದಾಗ ಎದುರಿಗೆ ರೇವಣ್ಣ ನಿಂತಿದ್ದ. ಅದೇ ರೇವಣ್ಣ. ಸಂಬಂಧ ತಂದ ರೇವಣ್ಣ.

"ಗುರುಬಸಣ್ಣಾರೆ! ನೀವೇನ್ರೀ ಇಲ್ಲಿ? ನಾನು ನಮ್ಮ ಮನೆಯೋರ ಥೈರಾಯ್ಡ್ ರಿಪೋರ್ಟ್ ತಗಳಾಕೆ ಬಂದಿದ್ದೆ."

ಭಾನುವಾರಕ್ಕೆ ಇನ್ನು ಮೂರೇ ದಿನ. ಪಕ್ಕದಲ್ಲಿ ಮಗಳು, ಅವಳ ಕೈಯಲ್ಲಿ ಚೀಟಿ. ಗುರುಬಸವರಾಜ ಚೀಟಿಯನ್ನು ಕಿತ್ತುಕೊಂಡು ಜೇಬಿಗೆ ತುರುಕಿದ.

"ನಂಗೇ ರೇವಣ್ಣ. ಹೊಟ್ಟೆ ನೋವು. ಹುಡುಗಿ ಜೊತೆಗೆ ಬಂದೈತೆ."

ಬೇರೆಯವರಾಗಿದ್ದರೆ "ಹುಷಾರು" ಎಂದು ಹೊರಟುಬಿಡುತ್ತಿದ್ದರು. ರೇವಣ್ಣ ಪರೋಪಕಾರಿ. "ಹುಡುಗಿ ಕೈಗೆ ಬಿಟ್ಟು ಹೋಗಾಕೆ ಆಗ್ತೈತೇನ್ರೀ?" ಎಂದು ಆತನ ರಟ್ಟೆ ಹಿಡಿದು ಕೌಂಟರಿಗೆ ನಡೆಸಿಕೊಂಡು ಹೋದ. "ಅಮ್ಮಾ, ಇವರಿಗೆ ಏನೇನು ಐತೋ ಎಲ್ಲಾ ನೋಡ್ರಿ."

ಎಲ್ಲಾ ನೋಡುವ ಒಂದು ಪ್ಯಾಕೇಜು ಅವರಲ್ಲಿತ್ತು. ರಕ್ತ, ಮೂತ್ರ, ಹೊಟ್ಟೆ ಸ್ಕ್ಯಾನ್.

"ಖಾಲಿ ಹೊಟ್ಟೇಲಿ ಇದೀರಾ ಸರ್?"

ಗುರುಬಸವರಾಜ ಮಗಳ ಕಡೆ ನೋಡಿದ. ಮಗಳು ಅವನ ಮೀಸೆಯ ಕಡೆ ನೋಡಿದಳು.

"ಹೂಂ."

ಫೋನ್ ನಂಬರು ಕೇಳಿದರು. ಗಾಬರಿಯಲ್ಲಿ ತನ್ನದು ನೆನಪಾಗದೆ ಶಾಂತಲಾಳ ನಂಬರು ಹೇಳಿದ. ತೋಳಿಗೆ ಸೂಜಿ ಬಿತ್ತು. ರೇವಣ್ಣ ಒಂದು ಲೀಟರಿನ ಬಾಟಲಿ ತಂದು ಕೈಗಿಟ್ಟು, ಒಂದು ಗುಟುಕೂ ಉಳಿಯದಂತೆ ಕುಡಿಸಿದ.

ಮುಂದಿನ ಮುಕ್ಕಾಲು ಗಂಟೆ ಅಪ್ಪ ಮಗಳಿಬ್ಬರೂ ತುಂಬಿದ ಕೊಡಗಳಂತೆ ಅಲುಗಾಡದೆ ಕೂತರು. ರೇವಣ್ಣ ಮಾತ್ರ ತನ್ನೂರ ಹೊಂಡಕ್ಕೆ ಈ ಸಲ ಎಷ್ಟು ನೀರು ಬಂದಿದೆಯೆಂದು ವರ್ಣಿಸುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಸಂಧ್ಯಾ..."

ಪೂರ್ತಿ ಹೆಸರು ಬರುವ ಮೊದಲೇ ಗುರುಬಸವರಾಜ "ಅಯ್ಯಯ್ಯೋ ಹೊಟ್ಟೆ!" ಎಂದು ಕಿರುಚಿ, ಎರಡೂ ಕೈಯಿಂದ ರೇವಣ್ಣನನ್ನು ತಬ್ಬಿಕೊಂಡು ಹಿಂದಿನ ಶೌಚಾಲಯದ ಕಡೆಗೆ ಎಳೆದೊಯ್ದ. ಗುಟ್ಟು ಉಳಿಯಿತು. ಅಲ್ಲಿಯವರೆಗೆ ಹೋಗಿದ್ದಕ್ಕೆ ನೀರು ಉಳಿಯಲಿಲ್ಲ. ಅವರು ವಾಪಸು ಬರುವಷ್ಟರಲ್ಲಿ ಸಂಧ್ಯಾ ಸ್ಕ್ಯಾನ್ ಮುಗಿಸಿ ಹಗುರಾಗಿ ಕೂತಿದ್ದಳು. ಆತನಿಗೆ ಮತ್ತೊಂದು ಲೀಟರು ಬಂತು.

ಕೊನೆಗೂ ಆತನನ್ನು ಮಂಚದ ಮೇಲೆ ಮಲಗಿಸಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಡಾಕ್ಟರು ಪರದೆ ನೋಡುತ್ತ ಒಂದೇ ಜಾಗದಲ್ಲಿ ಒತ್ತಿದರು. ಮತ್ತೆ ಅಲ್ಲೇ ಒತ್ತಿದರು. ಪಕ್ಕದಲ್ಲಿದ್ದ ರಕ್ತದ ರಿಪೋರ್ಟಿನ ಮೇಲೆ ಕಣ್ಣು ಹಾಯಿಸಿದರು.

"ಲಿವರಿನಾಗೆ ಕೊಬ್ಬು ತುಂಬೈತೆ. ಮೊದಲು ಯಾವಾಗಾದ್ರೂ ಸಕ್ಕರೆ ನೋಡ್ಸಿದ್ರಾ?"

ಗುರುಬಸವರಾಜನ ಕಣ್ಣು ತಾನೇ ತಾನಾಗಿ ತನ್ನ ಕಾಲ್ಬೆರಳುಗಳ ಕಡೆ ಹೋಯಿತು. ಹತ್ತೂ ನೆಟ್ಟಗಿದ್ದವು. ಇನ್ನೊಂದು ಸಲ ಎಣಿಸಿದ.

ವಾಪಸು ಬಸ್ಸು ಕತ್ತಲಗೆರೆ ದಾಟಿತು. ಆಮೇಲೆ ಸಂಧ್ಯಾಳೇ ಹೇಳಿದಳು. "ನಂದು ಪಿಸಿಓಎಸ್ಸೇ ಅಂತಪ್ಪಾ. ಅಂಡಾಶಯದ ಅಂಚಿಗೆ ಸಣ್ಣ ಸಣ್ಣ ನೀರುಗುಳ್ಳೆ ಅದಾವೆ. ಗಾಬರಿ ಆಗೋದು ಬ್ಯಾಡ, ಭಾಳ ಜನಕ್ಕೆ ಇರ್ತೈತೆ, ನಡೀಬೇಕು, ಊಟ ನೋಡ್ಕೋಬೇಕು, ಮಾತ್ರೆಗೆ ನಿಮ್ಮ ಡಾಕ್ಟ್ರನ್ನ ಕೇಳ್ರಿ ಅಂದ್ರು." ಅಪ್ಪನ ಕಡೆ ತಿರುಗಿ, "ನಿಂದು?" ಎಂದಳು.

"ಗ್ಯಾಸು."

ಮನೆ ಬಾಗಿಲಲ್ಲಿ ಶಾಂತಲಾ ಮೊಬೈಲು ಹಿಡಿದು ನಿಂತಿದ್ದಳು.

"ಮುನ್ನೂರ ಹನ್ನೆರಡು ಸಕ್ಕರೆ ಅಂತೆ ನಿಮ್ಮ ಗ್ಯಾಸು!"

"ಅದು ಬೆಳಿಗ್ಗೆ... ಒಂದು ನಾಲ್ಕು ಮಿರ್ಚಿ..."

"ಅದರ ಕೆಳಗೆ ಇನ್ನೊಂದು ಐತೆ ನೋಡ್ರಿ. ಮೂರು ತಿಂಗಳ ಸಕ್ಕರೆ. ಅದೂ ಮಿತಿ ದಾಟೈತೆ. ಲ್ಯಾಬಿಗೆ ಫೋನ್ ಮಾಡಿ ಕೇಳ್ದೆ. ಇವತ್ತಿನ ಮಿರ್ಚಿಗೆ ಏರೋದಲ್ಲಂತೆ ಅದು. ಮೂರು ತಿಂಗ್ಳಿಂದ ಬೆಂಚಿನ ಮ್ಯಾಲೆ ಏನು ನಡೆದೈತೆ ಅಂತ ನಿಮ್ಮ ರಕ್ತನೇ ಹೇಳ್ತೈತೆ!" ಬೈಯುತ್ತ ಬೈಯುತ್ತ ಅವಳ ದನಿ ಒಡೆಯಿತು. "ರುದ್ರಮುನಿಯಣ್ಣನ ಹಂಗೆ ನೀವೂ ಹೊರಟ್ರೆ ನಾನು ಯಾರ ಜೊತೆ ಜಗಳ ಮಾಡ್ಲಿ?"

ಆತ ಚಪ್ಪಲಿ ಬಿಟ್ಟು, ಇನ್ನೊಂದು ಸಲ ಕಾಲ್ಬೆರಳು ನೋಡಿಕೊಂಡ.

ಅತ್ತ ರೇವಣ್ಣ ಸುಮ್ಮನಿರಲಿಲ್ಲ. ಗುರುಬಸವರಾಜ ಹೊಟ್ಟೆ ಹಿಡಿದು ಒದ್ದಾಡಿದ್ದನ್ನು ಹೊನ್ನಾಳಿಯಲ್ಲಿ, ನ್ಯಾಮತಿಯಲ್ಲಿ, ಜಗಳೂರಿನಲ್ಲಿ ಬಿತ್ತಿಬಿಟ್ಟ. ಶನಿವಾರದೊಳಗೆ ಮನೆಯಲ್ಲಿ ಹನ್ನೊಂದು ಡಜನ್ ಬಾಳೆಹಣ್ಣು ಸೇರಿತು. (ಒಂದನ್ನೂ ಆತ ಮುಟ್ಟುವಂತಿರಲಿಲ್ಲ.) ಭಾನುವಾರ ಹುಡುಗನ ತಾಯಿ ಶಂಕ್ರಮ್ಮ ಒಳಗೆ ಬಂದವರೇ ಹುಡುಗಿಯನ್ನು ಬಿಟ್ಟು ಅಪ್ಪನನ್ನು ನೋಡತೊಡಗಿದರು.

"ಅಣ್ಣಾರೆ, ಭಾಳ ಸೀರಿಯಸ್ ಅಂದ್ರಲ್ಲಾ. ಅದಕ್ಕೇ ತಡ ಮಾಡೋದು ಬ್ಯಾಡ ಅಂತ ಬಂದ್ವಿ."

ಮಿರ್ಚಿ ತಟ್ಟೆ ತಂದಿಟ್ಟ ಸಂಧ್ಯಾ ಅಲ್ಲೇ ನಿಂತಳು. ಗುರುಬಸವರಾಜ ಕಣ್ಣಲ್ಲೇ ಬೇಡ ಬೇಡವೆಂದ. ಶಾಂತಲಾ ಸೆರಗು ಹಿಂಡಿದಳು.

"ಅಪ್ಪ ಅವತ್ತು ಹೋಗಿದ್ದು ನನ್ನ ಪರೀಕ್ಷೆಗೆ ರೀ. ನಂಗೆ ಪಿಸಿಓಎಸ್ ಐತೆ. ಮುಚ್ಚಿಡಾಕೆ ಹೋಗಿ ಅಪ್ಪ ಸಿಕ್ಕಿಬಿದ್ದ."

ತಿಪ್ಪೇರುದ್ರ ತಾಯಿಯ ಮುಖ ನೋಡಿದ. ಶಂಕ್ರಮ್ಮ ಚಹಾದ ಕಪ್ಪನ್ನು ಕೆಳಗಿಟ್ಟರು.

"ನಮ್ಮ ಗಂಗೋತ್ರಿಗೂ ಇದೇ ಆಗಿತ್ತು ತಾಯಿ," ಎಂದರು ಶಂಕ್ರಮ್ಮ. "ಇವನ ತಂಗಿ. ಈಗ ಆರಾಮ ಅದಾಳೆ, ಮಾತ್ರೆ ನುಂಗ್ತಾಳೆ, ದಿನಾ ನಡೀತಾಳೆ. ಜಗಳೂರಾಗೆ ಯಾರಾರ ನೋಡ್ತಾರೆ ಅಂತ ನಾವು ಸ್ಕ್ಯಾನಿಂಗಿಗೆ ಇಲ್ಲಿಗೇ, ಚನ್ನಗಿರಿಗೇ ಕರ್ಕೊಂಡು ಬಂದಿದ್ವಿ."

ಗುರುಬಸವರಾಜನ ಉಸಿರು ಒಂದು ಕ್ಷಣ ಸಡಿಲವಾಯಿತು. ಒಂದೇ ಕ್ಷಣ.

"ಆ ಸೆಂಟರಿನ ಎದುರಿಗೆ ಒಂದು ಮೋಟಾರ್ ಅಂಗಡಿ. ಇಬ್ರು ಗಂಡಸ್ರು ಬೆಂಚಿನ ಮ್ಯಾಲೆ ಕುಂತು, ಕೈಯಾಗಿನ ಮಿರ್ಚಿ ಬಾಯಿಗೆ ಇಡೋದೂ ಬಿಟ್ಟು ನಮ್ಮನ್ನೇ ನೋಡಿದ್ರು. ಹುಡುಗಿ ಜಗಳೂರು ಮುಟ್ಟೋತನಕ ಬಸ್ಸಿನಾಗೆ ಅತ್ಲು." ಶಂಕ್ರಮ್ಮ ಕಣ್ಣು ಕಿರಿದು ಮಾಡಿದರು. "ನಿಮ್ದೂ ಮೋಟಾರ್ ಅಂಗಡಿ ಅಂತ ರೇವಣ್ಣ ಹೇಳಿದ್ರು. ಎಲ್ಲಿ ಬರ್ತೈತೆ ಅದು?"

ಶಾಂತಲಾ ಮೇಲೆ ತಿರುಗುವ ಫ್ಯಾನನ್ನು ನೋಡತೊಡಗಿದಳು. ಸಂಧ್ಯಾ ಮೆಲ್ಲಗೆ, "ಹೇಳಪ್ಪಾ," ಎಂದಳು.

"ಅಲ್ಲೇ ರೀ," ಎಂದ ಗುರುಬಸವರಾಜ. ತಲೆ ಎತ್ತಲಾಗಲಿಲ್ಲ. "ಅವರಿಬ್ಬರಾಗೆ ಒಬ್ಬ ನಾನೇ. ತಪ್ಪಾತು ತಾಯಿ."

"ಇನ್ನೊಬ್ರು?"

"ಅವನಿಲ್ಲ ರೀ ಈಗ. ಅವನ ತಪ್ಪನ್ನೂ ನಾನೇ ಒಪ್ಕೋತೀನಿ."

ಶಂಕ್ರಮ್ಮ ಆತನ ಕೈಗೆಟುಕುವಂತಿದ್ದ ಮಿರ್ಚಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದನ್ನು ಮುರಿದು ಬಾಯಿಗಿಟ್ಟು, "ಹುಡುಗಿ ನಮಗೆ ಒಪ್ಪಿಗೆ," ಎಂದರು. "ಅಪ್ಪನ್ನ ಸುಧಾರಿಸ್ಕೋಬೇಕು."

(ಹುಡುಗಿ ಮಾತ್ರ ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆಂದಳು. ಅದು ಬಿ.ಎಡ್. ಪರೀಕ್ಷೆ.)

ಮೂರು ತಿಂಗಳಿಗೆ ಇಬ್ಬರೂ ಮತ್ತೆ ರಕ್ತ ಕೊಡಬೇಕಿತ್ತು. ಸಂಧ್ಯಾ ಹಾಡಹಗಲೇ ರಸ್ತೆ ದಾಟಿ ಎದುರಿನ ಸೆಂಟರಿಗೇ ಹೋದಳು. ಹಿಂದಿನಿಂದ, ಹಸಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗುರುಬಸವರಾಜ ಮೆಟ್ಟಿಲು ಹತ್ತಿದ. ಅರ್ಧ ಹತ್ತಿ ತಿರುಗಿ ನೋಡಿದರೆ, ಅವನ ಬೆಂಚಿನ ಮೇಲೆ ಪಕ್ಕದ ಸೈಕಲ್ ಅಂಗಡಿಯವರಿಬ್ಬರು ಕೂತಿದ್ದರು. ನಡುವೆ ಪೇಪರು, ಮಂಡಕ್ಕಿ. ಇಬ್ಬರ ಕೈಯಲ್ಲೂ ಮಿರ್ಚಿ ನಿಂತಲ್ಲೇ ನಿಂತಿತ್ತು.

"ಕಿಡ್ನಿ ಕಲ್ಲು," ಎಂದ ಒಬ್ಬ.